ಕೋಲ್ಕತ್ತಾದ ಹೂಗ್ಲಿ ದಡ: ಅಮ್ಮ, ಮಗನ ಜೊತೆ ಒಂದು ದಿನ, ನಡೆಯೋದು ಎಲ್ಲಿ, ಬೋಟ್ ಯಾವುದು

ಮೇಡಂ, ನಿಮ್ಮ ಪ್ರಶ್ನೆ ಇಷ್ಟು ತಾನೇ: ಡಿಸೆಂಬರ್ ಕೊನೆ ವಾರ ಕೋಲ್ಕತ್ತಾ, ಜೊತೆಗೆ ಮಂಡಿ ನೋವಿರುವ ಅಮ್ಮ ಮತ್ತು ಎಂಟು ವರ್ಷದ ಮಗ, ಹೂಗ್ಲಿ ನದಿಗೆ ಅಂತ ಇರೋದು ಒಂದೇ ದಿನ, ಏಜೆಂಟ್ ಹೇಳಿದ ಬೋಟ್ ಪ್ಯಾಕೇಜ್ ತಗೊಳ್ಳಬೇಕಾ ಬೇಡ್ವಾ?

ಬೇಡ. ಊರಿನವರು ದಿನಾ ಓಡಾಡುವ ಸಾಮಾನ್ಯ ಫೆರಿ ಸಾಕು. ಟಿಕೆಟ್ ದುಡ್ಡು ನಮ್ಮ ದರ್ಶಿನಿಯ ಒಂದು ಕಾಫಿಗೂ ಸಾಲುವುದಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಬೋಟ್ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ.

ನಮ್ಮ ಗುಂಪಿನಲ್ಲೇ ಒಬ್ಬರು "ನದಿ ನೋಡೋಕೆ ಅಷ್ಟು ದೂರ ಯಾಕೆ, ವೃಷಭಾವತಿ ಇಲ್ವಾ" ಅಂತ ಬೆಂಗಳೂರಿನ ಕೊಳಕು ನದಿ ತೋರಿಸಿ ಕಾಲೆಳೆದಿದ್ದಾರೆ. ತಮಾಷೆ ಇರಲಿ, ನಾವು ಬೆಂಗಳೂರಿನವರು ಹಲಸೂರು ಕೆರೆಯ ಲೆಕ್ಕದಲ್ಲೇ ಯೋಚಿಸುತ್ತೇವೆ. ಯಾವಾಗ ಹೋದರೂ ನೀರು ಅಲ್ಲೇ ಇರುತ್ತದೆ, ಸಂಜೆ ಆರರವರೆಗೆ ಬೆಳಕೂ ಇರುತ್ತದೆ. ಹೂಗ್ಲಿಯಲ್ಲಿ ಎರಡೂ ನಡೆಯುವುದಿಲ್ಲ.

ಕೋಲ್ಕತ್ತಾ ನಮಗಿಂತ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಆರು ಗಂಟೆಗೆ ಮುಳುಗುವ ಸೂರ್ಯ ಅಲ್ಲಿ ಐದಕ್ಕೆಲ್ಲ ಮುಳುಗಿರುತ್ತಾನೆ. ಊಟ ಮಾಡಿ, ಸ್ವಲ್ಪ ಮಲಗೆದ್ದು, ಐದೂವರೆಗೆ ದಡಕ್ಕೆ ಹೋದರೆ ಕತ್ತಲಲ್ಲಿ ಸೇತುವೆಯ ದೀಪ ನೋಡಿಕೊಂಡು ಬರಬೇಕು ಅಷ್ಟೇ. ಸಂಜೆ ಬೋಟ್ ಅಂದರೆ ನಾಲ್ಕು ಗಂಟೆಗೆ ನೀವು ಜೆಟ್ಟಿ ಹತ್ತಿರ ಇರಬೇಕು.

ಇನ್ನೊಂದು ವಿಷಯ ಉಬ್ಬರ ಇಳಿತ, ಅಂದರೆ ಸಮುದ್ರದ ನೀರು ದಿನಾ ಏರಿ ಇಳಿಯುವುದು. ಗುಂಪಿನಲ್ಲಿರುವ ಕರಾವಳಿಯವರಿಗೆ ಇದು ಹೊಸದಲ್ಲ, ನಮಗೆ ಹೊಸದು. ಸಮುದ್ರ ಅಷ್ಟು ದೂರ ಇದ್ದರೂ ಉಬ್ಬರ ಕೋಲ್ಕತ್ತಾ ದಾಟಿ ಮೇಲಕ್ಕೆ ಹೋಗುತ್ತದೆ. ದಿನಕ್ಕೆ ಎರಡು ಸಲ ನದಿ ಹಿಂದಕ್ಕೆ ಹರಿಯುತ್ತದೆ. ನಂಬಿಕೆ ಬರದಿದ್ದರೆ ಮಗನಿಗೆ ನೀರಿನ ಮೇಲೆ ತೇಲುವ ಗಿಡಗಳನ್ನು ನೋಡುತ್ತಿರು ಅಂತ ಹೇಳಿ. ನಮ್ಮ ಬೆಳ್ಳಂದೂರು ಕೆರೆಯಲ್ಲಿ ಹರಡಿಕೊಳ್ಳುವಂಥದ್ದೇ ಹಸಿರು ಗಿಡ, ಗುಂಪು ಗುಂಪಾಗಿ ಬರುತ್ತದೆ. ಬೆಳಗ್ಗೆ ದಕ್ಷಿಣಕ್ಕೆ, ಸಮುದ್ರದ ಕಡೆ ಹೋಗುತ್ತಿದ್ದದ್ದು ಕೆಲವು ಗಂಟೆ ಕಳೆದ ಮೇಲೆ ವಾಪಸ್ ಹೌರಾ ಸೇತುವೆ ಕಡೆ ಹೊರಟಿರುತ್ತದೆ. ಮಧ್ಯೆ ಸ್ವಲ್ಪ ಹೊತ್ತು ಎತ್ತಲೂ ಹೋಗದೆ ನಿಂತಲ್ಲೇ ಸುತ್ತುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ಯಾವ ಪ್ಯಾಕೇಜಲ್ಲೂ ಸಿಗಲ್ಲ.

ಅಮ್ಮನ ಮಂಡಿಗೂ ಇದಕ್ಕೂ ನೇರ ಸಂಬಂಧ ಇದೆ. ಅಲ್ಲಿನ ಜೆಟ್ಟಿಗಳು ನೀರಿನ ಮೇಲೆ ತೇಲುವ ದೊಡ್ಡ ಕಬ್ಬಿಣದ ಕಟ್ಟೆಗಳು. ದಡದಿಂದ ಅದಕ್ಕೆ ಒಂದು ಓಡಾಡುವ ದಾರಿ ಹಾಕಿರುತ್ತಾರೆ, ನೀರು ಏರಿಳಿದ ಹಾಗೆ ಆ ದಾರಿಯೂ ಏರಿಳಿಯುತ್ತದೆ. ನೀರು ತುಂಬಿದಾಗ ಹೆಚ್ಚುಕಡಿಮೆ ಸಮ. ಪೂರ್ತಿ ಇಳಿದಾಗ ಇಳಿಜಾರು ಜಾಸ್ತಿ, ಹಲಗೆ ಒದ್ದೆ ಇದ್ದರೆ ಕಾಲು ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ವ್ಯತ್ಯಾಸ ಇನ್ನೂ ಜಾಸ್ತಿ. ಮೊಬೈಲಲ್ಲಿ ಕೋಲ್ಕತ್ತಾದ ಉಬ್ಬರದ ಸಮಯ ಹುಡುಕಿ, ನೀರು ಮೇಲಿರುವ ಹೊತ್ತಿಗೆ ಅಮ್ಮನನ್ನು ಬೋಟ್ ಹತ್ತಿಸಿ. ಫೆರಿ ಬಂದಾಗ ಹಗ್ಗ ಬಿಗಿಯುವವರೆಗೂ ಕಾಯಿರಿ. ಅಲ್ಲಿಯ ಜನ ಮೊದಲೇ ಹಾರುತ್ತಾರೆ, ನೀವು ಹಾರಬೇಡಿ.

ಈಗ ದಿನದ ಲೆಕ್ಕ. ಬೆಳಗ್ಗೆ ಏಳಕ್ಕೆ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆ, ಹೌರಾ ಸೇತುವೆಯ ಬುಡದಲ್ಲೇ ಇದೆ. ಕೆ.ಆರ್. ಮಾರ್ಕೆಟ್ ನೋಡಿದವರಿಗೆ ಹೂವು ಹೊಸದಲ್ಲ, ಆದರೆ ಚೆಂಡುಹೂವಿನ ಹಾರಗಳನ್ನು ಹಗ್ಗದ ಹೊರೆಯ ಹಾಗೆ ತಲೆ ಮೇಲೆ ಹೊತ್ತು, ಮುಖವೇ ಕಾಣದಂತೆ ಓಡುವವರನ್ನು ಇಲ್ಲಿ ನೋಡಬೇಕು. ದಾರಿ ಬಿಡಿ, ಇಲ್ಲದಿದ್ದರೆ ಗುದ್ದಿಸಿಕೊಳ್ಳುತ್ತೀರಿ. ನೆಲ ಕೆಸರು, ಹಳೇ ಚಪ್ಪಲಿ ಹಾಕಿಕೊಳ್ಳಿ. ಅಮ್ಮ ಇಲ್ಲಿಗೆ ಬರದೆ ಹೋಟೆಲಿನಲ್ಲೇ ಉಳಿದರೂ ಪರವಾಗಿಲ್ಲ.

ಅಲ್ಲಿಂದ ನೀವು, ಮಗ ಸೇತುವೆ ಹತ್ತಿ ಆಚೆ ದಡಕ್ಕೆ ನಡೆಯಿರಿ. ಒಟ್ಟು ಉದ್ದ 705 ಮೀಟರ್. 1943ರಲ್ಲಿ ಶುರುವಾದ ಸೇತುವೆ, ನದಿಯೊಳಗೆ ಒಂದೂ ಕಂಬ ಇಲ್ಲ, ನಟ್ಟು ಬೋಲ್ಟು ಹಾಕದೆ ಪೂರ್ತಿ ರಿವೆಟ್ ಬಡಿದು ಕಟ್ಟಿದ್ದು. ಕಾಲುದಾರಿ ಅಗಲವಾಗಿದೆ, ಆದರೆ ಆಫೀಸಿನ ಹೊತ್ತಿಗೆ ಜನಸಾಗರ. ಕಬ್ಬಿಣದ ಕಂಬಗಳ ಬುಡಕ್ಕೆ ಫೈಬರ್ ಗ್ಲಾಸ್ ಹೊದಿಕೆ ಹಾಕಿದ್ದಾರೆ. ಯಾಕೆ ಗೊತ್ತಾ? ಜನ ಎಲೆಅಡಿಕೆ ಉಗುಳಿ ಉಗುಳಿ ಕಬ್ಬಿಣವೇ ಸವೆಯುತ್ತಿತ್ತು! ಈ ವಿಷಯದಲ್ಲಿ ನಾವು ಅವರನ್ನು ನೋಡಿ ನಗುವ ಹಾಗಿಲ್ಲ ಬಿಡಿ.

ಸೇತುವೆ ಇಳಿದರೆ ಹೌರಾ ಸ್ಟೇಷನ್ ಕೆಂಪು ಕಟ್ಟಡ, ಅದರ ಎದುರಿಗೇ ಫೆರಿ ಘಾಟ್. ಬಾಬುಘಾಟ್ ಕಡೆ ಹೋಗುವ ಫೆರಿ ಹತ್ತಿ, ಅಂಚಿನಲ್ಲಿ ನಿಲ್ಲಿ. ಸೇತುವೆಯ ಪೂರ್ತಿ ಆಕಾರ ಒಂದೇ ನೋಟಕ್ಕೆ ಸಿಗುವುದು ನೀರಿನ ಮೇಲಿಂದಲೇ. ಏಜೆಂಟ್ ಸಾವಿರಗಟ್ಟಲೆ ದುಡ್ಡಿಗೆ ತೋರಿಸುವುದೂ ಇದನ್ನೇ.

ಮಧ್ಯಾಹ್ನ ರೆಸ್ಟ್. ಮೂರು ಗಂಟೆಗೆ ಅಮ್ಮನ ಜೊತೆ ಪ್ರಿನ್ಸೆಪ್ ಘಾಟಿಗೆ ನೇರ ಕ್ಯಾಬ್. ಬಾಬುಘಾಟಿನಿಂದ ಪ್ರಿನ್ಸೆಪ್ ಘಾಟಿನವರೆಗೆ ಸುಮಾರು ಎರಡು ಕಿಲೋಮೀಟರ್ ನದಿ ಪಕ್ಕದಲ್ಲೇ ನಡೆಯುವ ದಾರಿ ಇದೆ, ಸಮತಟ್ಟಾಗಿದೆ, ಕೂರಲು ಬೆಂಚುಗಳಿವೆ. ಅಮ್ಮನಿಗೆ ಆಗುವಷ್ಟು ನಡೆಸಿ, ಸಾಕು ಅಂದಲ್ಲಿ ಕೂರಿಸಿ. ನದಿ ಊರಿನ ಪಶ್ಚಿಮಕ್ಕಿದೆ, ಹಾಗಾಗಿ ಸೂರ್ಯ ನೀರಿನ ಆಚೆ ಹೌರಾ ಕಡೆ ಮುಳುಗುತ್ತಾನೆ. ಪಕ್ಕದಲ್ಲೇ ವಿದ್ಯಾಸಾಗರ ಸೇತುವೆ, 1992ರದ್ದು, ತಂತಿಗಳಲ್ಲಿ ತೂಗುಬಿಟ್ಟಿದ್ದು. ಫೋಟೋಗೆ ಇದೇ ಜಾಗ.

ಪ್ರಿನ್ಸೆಪ್ ಘಾಟಿನ ಬಿಳಿ ಕಂಬಗಳ ಮಂಟಪವನ್ನು ಜನ ಸುಮ್ನೆ ಸೆಲ್ಫಿಗೆ ಅಂತ ನೋಡುತ್ತಾರೆ. ಅದು ಜೇಮ್ಸ್ ಪ್ರಿನ್ಸೆಪ್ ನೆನಪಿಗೆ ಕಟ್ಟಿದ್ದು. ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಈ ಮನುಷ್ಯ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ. ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಒಬ್ಬ ರಾಜನ ಬಿರುದು ಸಿಕ್ಕಿತು, ಆದರೆ ಆ ರಾಜ ಅಶೋಕನೇ ಅನ್ನುವುದಕ್ಕೆ ಶಾಸನದಲ್ಲೇ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕನ್ನಡ ಅಕ್ಷರಗಳೂ ಆ ಬ್ರಾಹ್ಮಿಯಿಂದಲೇ ಬೆಳೆದು ಬಂದವು. ಕನ್ನಡದವರು ಅಲ್ಲಿ ಎರಡು ನಿಮಿಷ ಜಾಸ್ತಿ ನಿಲ್ಲಬೇಕು ಅಂತ ನನ್ನ ಅಭಿಪ್ರಾಯ.

ಅಲ್ಲೇ ಮರದ ದೋಣಿಯವರು ಕರೆಯುತ್ತಾರೆ. ಹತ್ತುವ ಮೊದಲೇ ಎಷ್ಟು ಹೊತ್ತು, ಎಷ್ಟು ದುಡ್ಡು, ಅದು ಪೂರ್ತಿ ದೋಣಿಗಾ ಅಥವಾ ತಲೆಗಾ, ಮೂರನ್ನೂ ಬಿಡಿಸಿ ಕೇಳಿ. ಲೈಫ್ ಜಾಕೆಟ್ ಇಲ್ಲ ಅಂದರೆ ಮಗನನ್ನು ಹತ್ತಿಸಬೇಡಿ, ನೀರಿನ ಸೆಳೆತ ಜೋರಿರುತ್ತದೆ. ಅಮ್ಮನಿಗೆ ಈ ದೋಣಿ ಬೇಡವೇ ಬೇಡ, ಇಳಿಯುವ ಮೆಟ್ಟಿಲು ಪಾಚಿ. ಅವರಿಗೆ ಕುರ್ಚಿ ಮೇಲೆ ಕೂತು ಸುತ್ತಾಡಲೇಬೇಕು ಅನ್ನಿಸಿದರೆ ಮಿಲೇನಿಯಂ ಪಾರ್ಕ್ ಜೆಟ್ಟಿಯಿಂದ ಹೊರಡುವ ಬೋಟ್‌ಗಳನ್ನು ಅಲ್ಲೇ ಹೋಗಿ ವಿಚಾರಿಸಿ.

ತಿನ್ನೋಕೆ ಝಾಲ್‌ಮುರಿ ಸಿಗುತ್ತದೆ. ನಮ್ಮ ಚುರುಮುರಿಯ ಅಣ್ಣ ಅನ್ನಿ, ಆದರೆ ಸಾಸಿವೆ ಎಣ್ಣೆ ಮೂಗಿಗೆ ಹೊಡೆಯುತ್ತದೆ. ಮಗನಿಗೆ ಎಣ್ಣೆ ಕಡಿಮೆ ಹಾಕಿಸಿ. ಅಮ್ಮನಿಗೆ ಅನ್ನ ಸಾರು ಬೇಕಾದರೆ ಲೇಕ್ ಮಾರ್ಕೆಟ್ ಕಡೆ ದಕ್ಷಿಣದ ಹೋಟೆಲ್‌ಗಳಿವೆ.

ಬೇಲೂರು ಮಠವನ್ನು (ಹಾಸನದ್ದಲ್ಲ, ವಿವೇಕಾನಂದರದ್ದು) ಇದೇ ದಿನಕ್ಕೆ ತುರುಕಬೇಡಿ. ಅದಕ್ಕೆ ಬೇರೆ ಅರ್ಧ ದಿನ ಇಡಿ. ದಕ್ಷಿಣೇಶ್ವರದವರೆಗೆ ಮೆಟ್ರೋ ಇದೆ, ಬೆಳಗ್ಗೆ ಬೇಗ ಕಾಳಿ ದೇವಸ್ಥಾನ ಮುಗಿಸಿ, ಅಲ್ಲಿಂದ ಫೆರಿಯಲ್ಲಿ ಬೇಲೂರಿಗೆ ದಾಟಿ. ಮಠದ ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ, ಲೇಟಾದರೆ ಸಂಜೆವರೆಗೆ ಕಾಯಬೇಕು.

ಉಳಿದುಕೊಳ್ಳೋಕೆ ಎಸ್ಪ್ಲನೇಡ್ ಹತ್ತಿರ ನೋಡಿ. ದಕ್ಷಿಣೇಶ್ವರದ ಮೆಟ್ರೋ, ಹೌರಾದ ಮೆಟ್ರೋ ಎರಡೂ ಅಲ್ಲೇ ಸಿಗುತ್ತವೆ. ಹೌರಾ ಮೆಟ್ರೋ 2024ರಿಂದ ನದಿಯ ಅಡಿಯಲ್ಲೇ ಓಡುತ್ತಿದೆ, ನೀರಿನ ಕೆಳಗೆ ಸುಮಾರು 520 ಮೀಟರ್ ಸುರಂಗ, ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. ಕಿಟಕಿಯಾಚೆ ನೀಲಿ ದೀಪ ಕಂಡರೆ ನದಿ ಕೆಳಗಿದ್ದೀರಿ ಅಂತ ಲೆಕ್ಕ. ಮಗನಿಗೆ ಮೊದಲೇ ಹೇಳಿಟ್ಟಿರಿ, ಮೊಬೈಲ್ ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ.