ಎರಡೂ ಕಡೆಯ ವಾದ ಒಬ್ಬರದೇ ತಲೆಯಲ್ಲಿ

(ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಕೂತ ಕೂಡಲೇ ಅವರು ಫೋನನ್ನು ಮೇಜಿನ ಮೇಲೆ, ಸ್ಕ್ರೀನ್ ಕಾಣೋ ಹಾಗೆ ಇಟ್ಟರು. ಅದು ಮಿನುಗಿದಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ರಾತ್ರಿ ಅದು ದಿಂಬಿನ ಕೆಳಗೇ ಇರುತ್ತದಂತೆ. ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ.

ವಯಸ್ಸು ಐವತ್ತರ ಹತ್ತಿರ. ಒಂದು ಖಾಸಗಿ ಮಕ್ಕಳ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸ್ಟಾಫ್ ನರ್ಸ್ ಆಗಿ ಸೇರಿ, ಇನ್‌ಚಾರ್ಜ್ ಸಿಸ್ಟರ್ ಆಗಿ, ಹಂತಹಂತವಾಗಿ ಮೇಲೆ ಬಂದವರು. ಹೋದ ವರ್ಷ ಆಪರೇಷನ್ಸ್, ಅಂದರೆ ದಿನನಿತ್ಯದ ಆಡಳಿತ, ಬಜೆಟ್ಟಿನ ಜವಾಬ್ದಾರಿಯನ್ನೂ ಇವರಿಗೇ ವಹಿಸಿದರು. ಬಡ್ತಿ ಅಂತ ಮನೆಯಲ್ಲಿ ಸಿಹಿ ಹಂಚಿದ್ದರಂತೆ.

ಅವರು ಬಂದಿದ್ದು ಒಂದು ರಾತ್ರಿಯ ಘಟನೆ ಹೇಳಿಕೊಳ್ಳಲು. ಮಕ್ಕಳಿಗೆ ಔಷಧಿಯ ಲೆಕ್ಕ ತೂಕದ ಮೇಲೆ, ಅಲ್ವಾ? ಒಂದೂಕಾಲು ಕೆ.ಜಿ. ಇರುವ ಕೂಸಿಗೆ 0.3 ಮಿ.ಲೀ. ಕೊಡಬೇಕಿತ್ತು. ನೈಟ್ ಡ್ಯೂಟಿಯಲ್ಲಿದ್ದ ಹುಡುಗಿ ಸಿರಿಂಜಿಗೆ 3 ಮಿ.ಲೀ. ಎಳೆದಿದ್ದಳು. ಒಂದು ಚುಕ್ಕೆ ತಪ್ಪಿದರೆ ಹತ್ತು ಪಟ್ಟು. ಎರಡನೇ ಸಲ ನೋಡುವ ನಿಯಮ ಇತ್ತು. ಪಕ್ಕದ ಸಿಸ್ಟರ್ ಕಣ್ಣಿಗೆ ಬಿತ್ತು, ಔಷಧಿ ಮಗುವಿಗೆ ಹೋಗಲಿಲ್ಲ. ಬೆಳಗ್ಗೆ ಹ್ಯಾಂಡೋವರ್ ಹೊತ್ತಿನಲ್ಲಿ (ಒಂದು ಶಿಫ್ಟಿನವರು ಮುಂದಿನವರಿಗೆ ಕೆಲಸ ಒಪ್ಪಿಸುವಾಗ), ಎಲ್ಲರ ಎದುರು, ಇವರು ಆ ಹುಡುಗಿಯನ್ನು ಬೈದರು. ಮಾರನೇ ದಿನ ಅವಳ ರಾಜೀನಾಮೆ ಬಂತು.

"ಅವಳು ಅವತ್ತು ಡಬಲ್ ಡ್ಯೂಟಿ ಮಾಡ್ತಿದ್ಲು ಮೇಡಂ. ಮೂರು ಮಕ್ಕಳನ್ನ ಒಬ್ಬಳೇ ನೋಡ್ತಿದ್ಲು. ಆ ಡ್ಯೂಟಿ ಹಾಕಿದ್ದು ನಾನು."

ಇದನ್ನು ಹೇಳಿ ತುಂಬಾ ಹೊತ್ತು ಅತ್ತರು. ನಾನು ಸುಮ್ನೆ ಕೂತಿದ್ದೆ.

ಎರಡನೇ ಭೇಟಿಗೆ ಡ್ಯೂಟಿ ಪಟ್ಟಿ ತರಲು ಹೇಳಿದೆ. ಪೆನ್ಸಿಲಿನಲ್ಲಿ ಬರೆದಿದ್ದರು. ನೈಟ್ ಡ್ಯೂಟಿಯ ಸಾಲಿನಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆ ಒಂದು ಕಡೆ ತೂತಾಗಿತ್ತು. ಎರಡು ಭಾನುವಾರ ಅವರದೇ ಹೆಸರು. ಜನ ಸಿಗದಿದ್ದಾಗ ತಾವೇ ಹೋಗಿ ನಿಲ್ಲುತ್ತಿದ್ದರು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಒಂದು ಬೆಡ್ ಪಕ್ಕ ಹಗಲು ರಾತ್ರಿ ಒಬ್ಬ ನರ್ಸ್ ಇರಬೇಕು ಅಂದರೆ ವಾರಕ್ಕೆ 21 ಶಿಫ್ಟ್. ಒಬ್ಬರು ಮಾಡೋದು 6. ಅಲ್ಲಿಗೆ ಮೂರೂವರೆ ಜನ. ರಜೆ, ಜ್ವರ, ಹೆರಿಗೆ ಅಂತ ಶೇ. 30 ಸೇರಿಸಿದರೆ ನಾಲ್ಕೂವರೆ. ಆಸ್ಪತ್ರೆ ಹೊಸದಾಗಿ 4 ಬೆಡ್ ತೆರೆದಿತ್ತು. ಎರಡರಲ್ಲಿ ವೆಂಟಿಲೇಟರ್, ಅಲ್ಲಿ ಮಗುವಿಗೊಬ್ಬರು ಬೇಕೇ ಬೇಕು. ಉಳಿದೆರಡಕ್ಕೆ ಸೇರಿ ಒಬ್ಬರು ಅಂದರೂ ಒಟ್ಟು ಹದಿಮೂರೂವರೆ ಜನ ಬೇಕಿತ್ತು. ಹೊಸದಾಗಿ ತೆಗೆದುಕೊಂಡಿದ್ದು ಐದು.

"ಕಡಿಮೆ ಇದೆ ಅಂತ ಮ್ಯಾನೇಜ್‌ಮೆಂಟಿಗೆ ಹೇಳಿದ್ರಾ?" ಅಂತ ಕೇಳಿದೆ.

"ಯಾರಿಗೆ ಹೇಳ್ಲಿ? ಜನ ಬೇಕು ಅಂತ ಬರೆಯೋಳು ನಾನು. ಬಜೆಟ್ ಇಲ್ಲ ಅನ್ನೋಳೂ ನಾನೇ."

ಕಾಯಿಲೆಯ ಬೇರು ಇಲ್ಲಿದೆ ಅನ್ನಿಸಿತು. ಮೊದಲು ಈ ಜಗಳ ಇಬ್ಬರ ನಡುವೆ ಮೀಟಿಂಗಿನಲ್ಲಿ ಆಗುತ್ತಿತ್ತು. ಒಬ್ಬರು ಕೇಳುತ್ತಿದ್ದರು, ಇನ್ನೊಬ್ಬರು ಚೌಕಾಸಿ ಮಾಡುತ್ತಿದ್ದರು, ಮೂರನೆಯವರು ಕೂತು ತೀರ್ಮಾನಿಸುತ್ತಿದ್ದರು. ಈಗ ಅಷ್ಟೂ ಇವರೊಬ್ಬರ ತಲೆಯಲ್ಲಿ, ರಾತ್ರಿ ಎರಡು ಗಂಟೆಗೆ. ಮೇಲಿನವರಿಗೆ ಜಗಳ ಇದೆ ಅನ್ನೋದೇ ಗೊತ್ತಿಲ್ಲ. ದಕ್ಷರು ಅಂತ ಹೊಗಳುತ್ತಿದ್ದರು.

ಹಾಗಾಗಿ ನಾನು ಮೊದಲು ಹೇಳಿದ್ದು ಧ್ಯಾನ, ವಾಕಿಂಗ್ ಅಲ್ಲ. ಆ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ನಿರ್ದೇಶಕರ ಮುಂದೆ ಇಡಿ ಅಂದೆ. "ಆಗಲ್ಲ" ಅಂತ ಬರೆಯಬೇಡಿ. "ಇಷ್ಟು ಜನ ಇದ್ದರೆ ಇಷ್ಟು ಬೆಡ್ ನಡೆಸಬಹುದು" ಅಂತ ಬರೆಯಿರಿ. ತೀರ್ಮಾನ ಅವರದಾಗಲಿ, ಅವರ ಸಹಿಯೂ ಬೀಳಲಿ.

ಇನ್ನೊಂದು, ಆ ಹುಡುಗಿ. ಎಲ್ಲರ ಎದುರು ಬೈದಿದ್ದೀರಿ, ಕ್ಷಮೆಯನ್ನೂ ಮರೆಯಲ್ಲಿ ಕೇಳಬೇಡಿ ಅಂದೆ. ಅವಳಿಗೆ ಮೊದಲು ಫೋನ್ ಮಾಡಿ. ಆಮೇಲೆ ಅದೇ ಹ್ಯಾಂಡೋವರ್ ಹೊತ್ತಿನಲ್ಲಿ ಹೇಳಿ. ತಪ್ಪಿನ ವರದಿಯಲ್ಲಿ ಡಬಲ್ ಡ್ಯೂಟಿ, ಮೂರು ಮಕ್ಕಳು ಅನ್ನೋದೂ ಇರಲಿ. ಸಿರಿಂಜ್ ಕಂಡು ತಡೆದವಳನ್ನೂ ಹೆಸರು ಹೇಳಿ ಮೆಚ್ಚಿ. ತಪ್ಪು ಮಾಡಿದ ಸಿಬ್ಬಂದಿಯೂ ಒಳಗೊಳಗೇ ಪೆಟ್ಟು ತಿನ್ನುತ್ತಾರೆ. ವೈದ್ಯ ಆಲ್ಬರ್ಟ್ ವೂ 2000ರಲ್ಲೇ ಅವರನ್ನು 'ಎರಡನೇ ಬಲಿಪಶು' ಅಂದಿದ್ದರು (ಮೊದಲನೆಯದು ರೋಗಿ). ಈ ಪ್ರಕರಣದಲ್ಲಿ ಪಟ್ಟಿ ಬರೆದವರಿಗೂ ಅದೇ ಪೆಟ್ಟು ಬಿದ್ದಿತ್ತು.

ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದ್ದೆ. ಇಲ್ಲ ಅಂದರು. ಆದರೂ ಎರಡು ತಿಂಗಳಿಂದ ನಿದ್ದೆ ಕೆಟ್ಟಿದ್ದರಿಂದ ಮನೋವೈದ್ಯರನ್ನು ಕಾಣಲು ಕಳಿಸಿದೆ. ರಾತ್ರಿಯ ಫೋನನ್ನು ಇಬ್ಬರು ಡೆಪ್ಯುಟಿಗಳ ಜೊತೆ ಸರದಿ ಹಾಕಿಕೊಳ್ಳಲು ಹೇಳಿದೆ. ಇದಕ್ಕೆ ಒಪ್ಪಿಸೋದೇ ಜಾಸ್ತಿ ಕಷ್ಟ ಆಯಿತು. ನರ್ಸ್‌ಗಳ ಊಟದ ಕೋಣೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂಟಿಸಿ, ಕನ್ನಡದಲ್ಲೂ ಮಾತಾಡಬಹುದು, ಕಾಸು ಬೇಡ ಅಂತ ತಿಳಿಸಿದೆ.

ಮೂರು ತಿಂಗಳಾಯಿತು. ಹೊಸ ಬೆಡ್‌ಗಳಲ್ಲಿ ಎರಡನ್ನು ಸದ್ಯಕ್ಕೆ ಮುಚ್ಚಿದ್ದಾರೆ, ನಿರ್ದೇಶಕರ ಸಹಿಯೊಂದಿಗೆ. ಆ ಹುಡುಗಿ ವಾಪಸ್ ಬರಲಿಲ್ಲ, ಬೇರೆ ಕಡೆ ಸೇರಿದ್ದಾಳೆ. ಆದರೆ ಫೋನ್ ಎತ್ತಿದಳು, ಇಪ್ಪತ್ತು ನಿಮಿಷ ಮಾತಾಡಿದಳು. ಕಳೆದ ಭೇಟಿಯಲ್ಲಿ ಇವರ ಫೋನ್ ಬ್ಯಾಗಿನಲ್ಲೇ ಇತ್ತು. ಎರಡು ಸಲ ಕೈ ಆ ಕಡೆ ಹೋಯಿತು, ತೆಗೆಯಲಿಲ್ಲ.