ನಟ, ನಿರ್ದೇಶಕ ಚಂದ್ರು ಅವರಿಗೆ ‘ಸಿಹಿಕಹಿ’ ಅನ್ನೋ ಹೆಸರು ಯಾಕೆ ಬಂತು?

ಅದು ಮನೆತನದ ಹೆಸರಲ್ಲ, ಒಂದು ಧಾರಾವಾಹಿಯ ಹೆಸರು. 1980ರ ದಶಕದಲ್ಲಿ ದೂರದರ್ಶನದಲ್ಲಿ ‘ಸಿಹಿಕಹಿ’ ಅಂತ ಕನ್ನಡ ಹಾಸ್ಯ ಧಾರಾವಾಹಿ ಬರ್ತಿತ್ತು. ಅದರಲ್ಲಿ ನಟಿಸಿದ ಚಂದ್ರು, ಗೀತಾ ಇಬ್ಬರಿಗೂ ಆ ಹೆಸರು ಅಂಟಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಮುಂದೆ ಅವರಿಬ್ಬರೂ ಮದುವೆಯಾದರು. ಧಾರಾವಾಹಿಯ ಕಥೆ ಮರೆತವರಿಗೂ ಹೆಸರು ಮಾತ್ರ ಬಾಯಲ್ಲಿದೆ ನೋಡಿ!

ನನ್ನ ಮಟ್ಟಿಗೆ ಚಂದ್ರು ಅವರ ದೊಡ್ಡ ಕೊಡುಗೆ ‘ಪಾಪ ಪಾಂಡು’ ಹಾಸ್ಯ ಧಾರಾವಾಹಿ. ಈಟಿವಿ ಕನ್ನಡದಲ್ಲಿ ಬಂತು, ನಿರ್ದೇಶನ ಚಂದ್ರು ಅವರದ್ದೇ. ಪಾಂಡು ಆಗಿ ಚಿದಾನಂದ್, ಹೆಂಡತಿಯಾಗಿ ಶಾಲಿನಿ. ಹೆಂಡತಿ ಜೋರು, ಗಂಡ ಪಾಪ, ಅಷ್ಟೇ ವಿಷಯ. ಆದರೆ ಶಾಲಿನಿ ದನಿ ಏರಿಸಿದರೆ ಸಾಕು, ಉಡುಪಿಯ ನಮ್ಮ ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಾಡದ ಅಜ್ಜಿಯೂ ನಗುತ್ತಿದ್ದರು. ಬೆಂಗಳೂರು ಕನ್ನಡ ಅರ್ಧ ಅರ್ಥವಾಗ್ತಿರಲಿಲ್ಲ, ಪಾಂಡುವಿನ ಮುಖ ಮಾತ್ರ ಪೂರ್ತಿ ಅರ್ಥವಾಗ್ತಿತ್ತು.

2018ರಲ್ಲಿ ಅದೇ ಜೋಡಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂತು. ನನಗೆ ಹಳೆಯದೇ ಜಾಸ್ತಿ ಇಷ್ಟ. ಈಗಿನ ಮಕ್ಕಳಿಗೆ ಚಂದ್ರು ಅಂದರೆ ‘ಬೊಂಬಾಟ್ ಭೋಜನ’ದ ಅಡುಗೆಯವರು, ಅಲ್ವಾ?