ಸಂಪಾದಕರ ಉತ್ತರ: ನಕ್ಕರೆ ಮಳೆ ಬರುತ್ತದೆಯೇ?

ಮಾನ್ಯ ಸೋದರಿಯವರಿಗೆ ನಮಸ್ಕಾರಗಳು.

ಹೆಸರನ್ನು ಪ್ರಕಟಿಸಬಾರದೆಂದು ನೀವು ಕೇಳಿಕೊಂಡಿರುವುದರಿಂದ ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಕೊಡಬೇಕು. ಆರಿದ್ರ ಮಳೆಗೆ ಐದು ಎಕರೆ ಶೇಂಗಾ ಬಿತ್ತಿದಿರಿ. ಕಾಯಿ ಕಟ್ಟುವ ಹೊತ್ತಿಗೆ ಮಘೆ, ಹುಬ್ಬೆ ಎರಡೂ ಮಳೆ ಕೈಕೊಟ್ಟವು. ಗಿಡ ಕಿತ್ತು ನೋಡಿದರೆ ಬಹುಪಾಲು ಜೊಳ್ಳು. ಬೆಂಗಳೂರಿನಲ್ಲಿರುವ ನಿಮ್ಮ ಭಾವನವರು ದಿನವೂ ಬೆಳಿಗ್ಗೆ ಸೂರ್ಯೋದಯದ ಚಿತ್ರದೊಡನೆ ‘ಸಕಾರಾತ್ಮಕವಾಗಿ ಯೋಚಿಸಿ, ಎಲ್ಲವೂ ಸರಿಹೋಗುತ್ತದೆ’ ಎಂಬ ಸಂದೇಶವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಅದು ಸಾಲದೆಂಬಂತೆ ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲೂ ನಗುನಗುತ್ತಾ ಬಾಳಿದರೆ ಕಷ್ಟವೇ ಇಲ್ಲವೆಂಬ ಧಾಟಿಯ ಬರಹವೊಂದು ಬಂತು. ‘ನಕ್ಕರೆ ಮಳೆ ಬರುತ್ತದೆಯೇ ಸ್ವಾಮಿ? ಅಳು ಬಂದರೆ ಅದೂ ನನ್ನದೇ ತಪ್ಪೇ? ಇದೆಲ್ಲ ಹೊಟ್ಟೆ ತುಂಬಿದವರ ಮಾತಲ್ಲವೇ?’ ಎಂದು ಕೇಳಿದ್ದೀರಿ.

ಮಳೆ ಬರುವುದಿಲ್ಲ. ಆ ಬರಹವನ್ನು ಅಚ್ಚಿಗೆ ಕಳುಹಿಸಿದವನು ನಾನೇ. ಒಂದು ಪುಟ ಖಾಲಿ ಉಳಿದಿತ್ತು, ಓದಿದರೆ ಯಾರಿಗೂ ನೋವಾಗದ ಬರಹವೆಂದು ಭಾವಿಸಿದೆ. ನೋವಾಗಿದೆ ಎಂಬುದು ನಿಮ್ಮ ಪತ್ರದಿಂದ ತಿಳಿಯಿತು. ಕ್ಷಮೆ ಕೇಳಿ ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಒಳ್ಳೆಯ ಮನೋಭಾವದಿಂದ ಪ್ರಯೋಜನವೇ ಇಲ್ಲವೆಂದು ನೀವು ತೀರ್ಮಾನಿಸಿಬಿಟ್ಟರೆ ಅದೂ ನಿಮಗೆ ನಷ್ಟವೇ ಎಂದು ನನಗೆ ಅನ್ನಿಸುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ನಮ್ಮ ತಂದೆ ಇಲ್ಲಿನ ಒಂದು ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿದ್ದರು. ಪಕ್ಕದ ಮನೆಯವರೂ ಅದೇ ಪಾಳಿಯಲ್ಲಿದ್ದರು. ರಕ್ತಸಂಬಂಧವಿಲ್ಲದಿದ್ದರೂ ನಾವು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಗಿರಣಿಗೆ ಬೀಗ ಬಿದ್ದ ಮೇಲೂ ದೊಡ್ಡಪ್ಪ ಬುತ್ತಿಯ ಡಬ್ಬಿ ಹಿಡಿದು ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ನಿಲ್ಲುವುದನ್ನು ಬಿಡಲಿಲ್ಲ. ದೀಪಾವಳಿಗೆ ತೆರೆಯುತ್ತಾರೆ ಎಂದರು, ಆಮೇಲೆ ಯುಗಾದಿಗೆ ಎಂದರು. ಅವರ ಮುಖದಲ್ಲಿ ಸದಾ ನಗುವಿರುತ್ತಿತ್ತು, ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವರನ್ನೇ ತೋರಿಸಿ ಧೈರ್ಯ ಹೇಳುತ್ತಿದ್ದರು. ನಮ್ಮ ತಂದೆಯಾದರೋ ಮೊದಲ ವಾರವೇ ‘ಇದು ಇನ್ನು ತೆರೆಯುವ ಬಾಗಿಲಲ್ಲ’ ಎಂದು ಹೇಳಿ ಅಪಶಕುನ ನುಡಿಯುವವರೆಂದು ಹೆಸರು ಪಡೆದರು. ಮೂರನೆಯ ವಾರಕ್ಕೆ ಪರಿಚಯದವರೊಬ್ಬರ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ನಿಂತಿದ್ದರು. ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳುವ ಆ ಕ್ಷಣಕ್ಕೆ ಸರಿಯಾಗಿ ಬಾಚಿ ಜರಡಿಗೆ ಎಳೆಯಬೇಕು. ಒಂದು ಉಸಿರಿನಷ್ಟು ತಡವಾದರೂ ಕಪ್ಪಾಗುತ್ತದೆ. ಮುಂಗೈಯ ಕೂದಲು ಸುಟ್ಟುಹೋಗಿ ಚರ್ಮ ನುಣ್ಣಗಾಗಿತ್ತು. ರಾತ್ರಿ ಮನೆಗೆ ಬಂದು ಪಂಚೆ ಕೊಡವಿದರೆ ಮರಳು ಉದುರುತ್ತಿತ್ತು. ಅವರು ನಕ್ಕದ್ದು ನನಗೆ ನೆನಪಿಲ್ಲ, ‘ಇವತ್ತು ಎಂಟು ಚೀಲ ಇಳಿಸಿದೆ’ ಎಂದು ಅವ್ವನಿಗೆ ಹೇಳುತ್ತಿದ್ದುದು ನೆನಪಿದೆ.

ಮೂರನೆಯ ಯುಗಾದಿ ಕಳೆದ ಮೇಲೆ ದೊಡ್ಡಪ್ಪ ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದರು. ಅವರು ದಡ್ಡರಾಗಿರಲಿಲ್ಲ, ಅವರ ಭರವಸೆಗೆ ಒಂದೇ ಬಾಗಿಲಿತ್ತು, ಆ ಬಾಗಿಲಿನ ಬೀಗದ ಕೈ ಬೇರೆಯವರ ಬಳಿ ಇತ್ತು. ಇವರಿಬ್ಬರಲ್ಲಿ ಆಶಾವಾದಿ ಯಾರೆಂದು ಆಗ ಕೇಳಿದ್ದರೆ ಓಣಿಯೆಲ್ಲ ದೊಡ್ಡಪ್ಪನ ಕಡೆ ಬೆರಳು ತೋರುತ್ತಿತ್ತು. ಇಂದು ನಾನು ತಂದೆಯ ಕಡೆ ತೋರಿಸುತ್ತೇನೆ. ಒಳ್ಳೆಯ ಮನೋಭಾವ ಎಂದು ನಾನು ಕರೆಯುವುದು ಇಷ್ಟನ್ನೇ: ಆದ ನಷ್ಟವನ್ನು ಅದರ ಅಳತೆಗಿಂತ ಹಿಗ್ಗಿಸದೆ, ಕುಗ್ಗಿಸಿಯೂ ಹೇಳದೆ, ನನ್ನ ಕೈಗೆ ಎಟುಕುವಂಥದ್ದು ಇನ್ನೂ ಏನಿದೆ ಎಂದು ಹುಡುಕುವ ಅಭ್ಯಾಸ. ನಾಳೆ ಹೀಗೇ ಆಗುತ್ತದೆ ಎಂದು ಭವಿಷ್ಯ ನುಡಿಯುವ ಕೆಲಸ ಅದರದಲ್ಲ.

ಅಳು ಬಂದರೆ ತಪ್ಪೇ ಎಂಬ ನಿಮ್ಮ ಪ್ರಶ್ನೆಗೆ ಮನೋವಿಜ್ಞಾನದಲ್ಲಿ ಕುತೂಹಲಕರವಾದ ಒಂದು ಕಥೆಯಿದೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಸಂಶೋಧಕರು ನಾಯಿಗಳ ಮೇಲೆ ನಡೆಸಿದ, ಇಂದು ಓದಿದರೆ ಕರುಳು ಚುರುಕ್ಕೆನ್ನುವ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತಕ್ಕೆ ಸಿಕ್ಕಿದ ನಾಯಿಗಳಲ್ಲಿ ಹಲವು, ಆಮೇಲೆ ಒಂದು ತಗ್ಗು ಗೋಡೆ ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿಟ್ಟಾಗಲೂ ಹಾರದೆ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತುಕೊಂಡವು ಎಂದು ಆಗ ವಿವರಿಸಲಾಯಿತು. ಸುಮಾರು ಅರ್ಧ ಶತಮಾನದ ಬಳಿಕ, 2016ರಲ್ಲಿ, ಮಿದುಳಿನ ಬಗ್ಗೆ ಅಷ್ಟರಲ್ಲಿ ತಿಳಿದುಬಂದುದನ್ನೆಲ್ಲ ಮುಂದಿಟ್ಟುಕೊಂಡು ಅದೇ ಇಬ್ಬರು ತಮ್ಮ ವಿವರಣೆಯನ್ನು ತಿರುಗಿಸಿ ಬರೆದರು: ದೀರ್ಘಕಾಲ ಏಟು ಬಿದ್ದಾಗ ಸೋತು ಮಲಗುವುದು ಯಾರೂ ಕಲಿಯುವಂಥದ್ದಲ್ಲ, ಅದು ಪ್ರಾಣಿಯ ಮೂಲ ಸ್ವಭಾವ, ಕಲಿಯಬೇಕಾದದ್ದು, ಕಲಿಯಬಹುದಾದದ್ದು, ನಾನು ಮಾಡಿದ್ದರಿಂದ ಏನೋ ಒಂದು ಬದಲಾಗುತ್ತದೆ ಎಂಬುದನ್ನು. ತಮ್ಮ ಹೆಸರಿಗೆ ಅಂಟಿಕೊಂಡ ಸಿದ್ಧಾಂತವನ್ನೇ ತಿದ್ದಿಕೊಂಡ ಅವರ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆಯಾಯಿತು. ಆದ್ದರಿಂದ, ಜೊಳ್ಳು ಕಾಯಿಯ ರಾಶಿಯ ಮುಂದೆ ಕುಳಿತು ನೀವು ಅತ್ತದ್ದು ತಪ್ಪಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಹೊಟ್ಟೆ ತುಂಬಿದವರ ಮಾತು ಎಂಬ ನಿಮ್ಮ ಅನುಮಾನಕ್ಕೆ ಆಧಾರವಿದೆ. ಆಶಾವಾದಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಮೂಲವಾದ ಅಧ್ಯಯನಗಳಲ್ಲಿ ಒಂದು 2019ರದು. ಅಮೆರಿಕದ ಸುಮಾರು 70,000 ಮಹಿಳೆಯರನ್ನೂ 1,400ಕ್ಕೂ ಹೆಚ್ಚು ಪುರುಷರನ್ನೂ ಹಲವು ವರ್ಷ ಗಮನಿಸಿ, ಅತಿ ಹೆಚ್ಚು ಆಶಾವಾದಿಗಳಾಗಿದ್ದವರ ಆಯುಷ್ಯ ಸರಾಸರಿ 11ರಿಂದ 15 ಪ್ರತಿಶತ ಹೆಚ್ಚಿತ್ತೆಂದು ಅದು ಹೇಳಿತು. ಆ ಮಹಿಳೆಯರು ವೃತ್ತಿಯಲ್ಲಿ ದಾದಿಯರು, ತಿಂಗಳ ಸಂಬಳ ಕಂಡವರು. ಆರಿದ್ರ ಮಳೆಗೆ ಬಾಯಿಬಿಟ್ಟು ನಿಂತವರಲ್ಲ. ಆದರೂ ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಮುಂದೆ ಏನೋ ಒಳ್ಳೆಯದಿದೆ ಎಂದುಕೊಂಡವರು ದಿನಾ ನಡೆದಾಡುತ್ತಾರೆ, ಬೀಡಿ ಸಿಗರೇಟಿನಿಂದ ದೂರವಿರುತ್ತಾರೆ, ಮೈಗೆ ಹುಷಾರಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗುತ್ತಾರೆ; ಆಯುಷ್ಯದ ಗುಟ್ಟಿನ ಒಂದು ಪಾಲು ಈ ಸಣ್ಣಪುಟ್ಟ ಅಭ್ಯಾಸಗಳಲ್ಲೇ ಇದೆ. ಕೊನೆಗೆ ಇಲ್ಲೂ ಅದೇ ಮಾತಿಗೆ ಬಂದು ನಿಲ್ಲುತ್ತೇವೆ, ಕೈಕಾಲು ಆಡಿಸಿದ್ದರಿಂದ ಆದ ಲಾಭ.

ಇನ್ನೊಂದು ಮಗ್ಗುಲನ್ನು ಆ ಸುದ್ದಿಗಳು ಹೇಳುವುದಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ವರದಿಯಲ್ಲಿ, ರೋಗಿಯ ಮನಸ್ಸಿನ ಉಲ್ಲಾಸಕ್ಕೂ ಅವರು ಬದುಕುಳಿಯುವುದಕ್ಕೂ ಸಂಬಂಧ ಕಾಣಲಿಲ್ಲ. ಧೈರ್ಯವಾಗಿದ್ದರೆ ಗೆದ್ದುಬರುತ್ತಿದ್ದರು ಎಂದು ಸತ್ತವರ ಮನೆಯಲ್ಲಿ ಕುಳಿತು ಮಾತನಾಡುವವರು ಇದನ್ನು ತಿಳಿದಿರಬೇಕು. 1991ರಲ್ಲಿ ಗೇಬ್ರಿಯೆಲೆ ಎಟಿಂಗೆನ್ ಮತ್ತು ಥಾಮಸ್ ವಾಡನ್ ಅವರು ತೂಕ ಇಳಿಸಲು ಬಂದ ಮಹಿಳೆಯರಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ. ‘ನನ್ನಿಂದ ಆಗುತ್ತದೆ’ ಎಂದು ನಂಬಿದವರು ಹೆಚ್ಚು ತೂಕ ಇಳಿಸಿದರು. ತೆಳ್ಳಗಾದ ಮೇಲಿನ ಸೊಗಸನ್ನೇ ಕಣ್ಣಮುಂದೆ ತಂದುಕೊಂಡು ಹಿಗ್ಗಿದವರು ಕಡಿಮೆ ಇಳಿಸಿದರು. ನಂಬಿಕೆಗೂ ಹಗಲುಗನಸಿಗೂ ಇರುವ ಈ ಅಂತರವನ್ನು ನಿಮ್ಮ ಭಾವನವರ ಸೂರ್ಯೋದಯಗಳು ಅಳಿಸಿಬಿಡುತ್ತವೆ.

ಈಗ ನಿಮ್ಮ ಹೊಲಕ್ಕೆ ಬರುತ್ತೇನೆ. ಪತ್ರದ ಮೂರನೆಯ ಪುಟದಲ್ಲಿ, ಅದು ಮುಖ್ಯವೇ ಅಲ್ಲವೆಂಬಂತೆ, ‘ಅಕ್ಕಡಿ ಸಾಲಿನ ತೊಗರಿ ಎರಡು ಚೀಲ ಬಂತು, ಮನೆಗೆ ಆಯಿತು, ಶೇಂಗಾ ಹೊಟ್ಟು ಎಮ್ಮೆಗೆ ಆಯಿತು’ ಎಂದು ಬರೆದಿದ್ದೀರಿ. ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದೇ. ಎಂಟು ಸಾಲು ಶೇಂಗಾಕ್ಕೆ ಒಂದು ಸಾಲಿನಂತೆ ಕೂರಿಗೆಯ ಹಿಂದೆ ತೊಗರಿ ಬೀಜ ಬಿಡುತ್ತಾ ನಡೆದವರು ನೀವು. ಶೇಂಗಾ ಬಾರದೇ ಹೋಗಬಹುದೆಂಬ ಶಂಕೆ ಇಲ್ಲದಿದ್ದರೆ ಅಕ್ಕಡಿ ಹಾಕುತ್ತಿರಲಿಲ್ಲ. ಬಂದೀತೆಂಬ ಭರವಸೆ ಇಲ್ಲದಿದ್ದರೆ ಉಳಿದ ಎಂಟು ಸಾಲು ಬಿತ್ತುತ್ತಿರಲಿಲ್ಲ. ತೊಗರಿಯ ಬೇರು ಆಳಕ್ಕಿಳಿಯುತ್ತದೆ, ತಡವಾಗಿ ಬಲಿಯುತ್ತದೆ, ಮುಂಗಾರು ಮುನಿದರೂ ಹಿಂಗಾರಿನ ಒಂದೆರಡು ಹನಿಗೆ ಚೇತರಿಸಿಕೊಳ್ಳುತ್ತದೆ. ಬೆಳೆವಿಮೆಯ ಲೆಕ್ಕವೂ ಇದೇ. ಮುಂಗಾರಿನ ಎಣ್ಣೆಕಾಳಿಗೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ವಿಮಾ ಮೊತ್ತದ 2 ಪ್ರತಿಶತ. ಬೆಳೆ ಬರುತ್ತದೆಂದು ಬಿತ್ತಿದ ಕೈಯೇ, ಬಾರದಿದ್ದರೆ ಇರಲೆಂದು ಅದನ್ನು ಕಟ್ಟುತ್ತದೆ. ಕಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕಟ್ಟಿದ್ದರೆ ರಸೀದಿಯನ್ನು ಹುಡುಕಿ ಎತ್ತಿಡಿ.

ಹಿರಿಯೂರಿನ ಮಾರಿಕಣಿವೆ ನಿಮ್ಮ ಊರಿನಿಂದ ದೂರವೇನಲ್ಲ. 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಆ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೊಮ್ಮೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಆ ವರ್ಷ ನಾನೂ ಜನಜಾತ್ರೆಯಲ್ಲಿ ನೂಕಿಸಿಕೊಂಡು ಹೋಗಿ ನೋಡಿದೆ. ಅಜ್ಜಿಯೊಬ್ಬರು ಹರಿಯುವ ನೀರಿಗೆ ಅರಿಶಿನ ಕುಂಕುಮ ಹಾಕಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಹಿಂತಿರುಗುವಾಗ ನನಗೆ ಹೊಳೆದದ್ದು, ನಡುವಿನ ಆ 89 ವರ್ಷಗಳಲ್ಲಿ ಹಿರಿಯೂರಿನವರು ಕೋಡಿಗಾಗಿ ಕಾಯುತ್ತಾ ಕೂರಲಿಲ್ಲ ಎಂಬುದು. ಅರ್ಧ ತುಂಬಿದ ವರ್ಷ ಅರ್ಧದಲ್ಲಿ, ಕಾಲು ತುಂಬಿದ ವರ್ಷ ಕಾಲಿನಲ್ಲಿ ತೆಂಗು ಅಡಿಕೆಗಳನ್ನು ಉಳಿಸಿಕೊಳ್ಳಲು ಹೆಣಗಿದರು. ಕೆಲವು ತೋಟಗಳು ಒಣಗಿಯೂ ಹೋದವು. ಒಣಗಿದವರ ಮನೋಭಾವ ಸರಿಯಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಾದರೂ ಇದ್ದರೆ ಅವರು ಆ ತೋಟಗಳ ನಡುವೆ ನಿಂತು ಹೇಳಲಿ.

ನಿಮ್ಮ ಯಜಮಾನರ ವಿಷಯವನ್ನು ಇದರೊಡನೆ ಬೆರೆಸಲಾರೆ. ಎರಡು ತಿಂಗಳಿಂದ ಮಾತು ಕಡಿಮೆ, ರಾತ್ರಿ ಮೂರಕ್ಕೇ ಎಚ್ಚರ, ಹೊಲದ ಕಡೆ ಹೋಗುವುದಿಲ್ಲ, ಊಟ ಸೇರುವುದಿಲ್ಲ ಎಂದು ಬರೆದಿದ್ದೀರಿ. ಇದು ಮನೋಭಾವ ತಿದ್ದಿಕೊಂಡರೆ ಹೋಗುವಂಥದ್ದಾಗಿ ಕಾಣುವುದಿಲ್ಲ. ಖಿನ್ನತೆ ಎಂಬ ಕಾಯಿಲೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಇಂಥವರಿಗೆ ನಗುನಗುತ್ತಾ ಇರು ಎನ್ನುವುದು ಚಳಿಜ್ವರ ಬಂದವರಿಗೆ ನಡುಗಬೇಡ ಎಂದ ಹಾಗೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಯಜಮಾನರು ಕರೆ ಮಾಡಲು ಒಪ್ಪದಿದ್ದರೆ ನೀವೇ ಮಾಡಿ ಕೇಳಿ, ಆಮೇಲೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಅವರನ್ನು ನೇರವಾಗಿ ಕೇಳಲು ಹಿಂಜರಿಯಬೇಡಿ; ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಬಾಯಿಗೆ ಬರುತ್ತದೆ. ಕ್ರಿಮಿನಾಶಕದ ಡಬ್ಬಿಗಳು ಮನೆಯಲ್ಲಿದ್ದರೆ ಈ ಪತ್ರ ಓದಿದ ಕೂಡಲೇ ಬೇರೆ ಕಡೆ ಬೀಗದೊಳಗೆ ಇರಿಸಿ.

ಭಾವನವರಿಗೂ ಒಂದು ಮಾತು ತಿಳಿಸಿ. ಅವರ ಉದ್ದೇಶ ಒಳ್ಳೆಯದೇ, ದೂರದಲ್ಲಿರುವವರಿಗೆ ಬೇರೇನು ಮಾಡಬೇಕೆಂದು ತೋಚದೆ ಚಿತ್ರ ಕಳುಹಿಸುತ್ತಿದ್ದಾರೆ. ಅದರ ಬದಲು ವಾರಕ್ಕೆರಡು ಸಂಜೆ ತಮ್ಮನಿಗೆ ಫೋನ್ ಮಾಡಿ, ಬುದ್ಧಿ ಹೇಳದೆ, ಹತ್ತು ನಿಮಿಷ ಊರಿನ ಸುದ್ದಿ ಕೇಳಲಿ. ಆಸ್ಪತ್ರೆಗೆ ಹೋಗುವ ದಿನ ಒಂದು ರಜೆ ಹಾಕಿ ಬಂದರೆ ಇನ್ನೂ ಉತ್ತಮ.

ನಗುವಿನ ಬರಹ ಬಂದ ಆ ಪುಟ ಮುಂದಿನ ಸಂಚಿಕೆಗೂ ಖಾಲಿಯಿದೆ. ನಿಮ್ಮ ಅಕ್ಕಡಿ ಸಾಲಿನ ಬಗ್ಗೆ, ತೊಗರಿಯ ಜೊತೆ ಬೇರೆ ಯಾವ ಕಾಳು ಬಿಡುತ್ತೀರಿ, ಯಾವ ಮಳೆಗೆ ಏನು ಉಳಿಯಿತು ಏನು ಹೋಯಿತು ಎಂಬುದನ್ನೆಲ್ಲ ಸೇರಿಸಿ ನೀವೇ ಬರೆದು ಕಳುಹಿಸಿದರೆ ಅಲ್ಲಿ ಹಾಕುತ್ತೇನೆ. ಹೆಸರು ಬೇಡವೆಂದರೆ ಬೇಡ. ನಮ್ಮ ಸಂಭಾವನೆ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ತಿಂಗಳ 20ರೊಳಗೆ ಬರಹ ಕೈಸೇರಲಿ, ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ.

ಇಂತು ನಿಮ್ಮ ವಿಶ್ವಾಸಿ,
ಸಂಪಾದಕ
ದಾವಣಗೆರೆ